ಗಾಳಿ ಕುಡಿದು ಉಳಿದದ್ದು

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದರೆ ಸಾಕು, ಬೆಂಗಳೂರಿಗರ ಮನಸ್ಸು ಬಿಡದಿಯ ತಟ್ಟೆ ಇಡ್ಲಿಯ ಕಡೆಗೆ ಓಡುತ್ತದೆ. ಇಡ್ಲಿ ಸಿಗುವುದಕ್ಕೂ ಮೊದಲೇ, ಕುಂಬಳಗೋಡಿನ ಆಸುಪಾಸಿನಲ್ಲಿ, ಕಂಬೀಪುರ ಅಂತ ಒಂದು ಊರಿದೆ ಅನ್ನುವುದು ಆ ದಾರಿಯಲ್ಲೇ ಹೋಗಿ ಬರುವ ಎಷ್ಟೋ ಜನರಿಗೆ ಗೊತ್ತಿಲ್ಲ. ದೂರದ ಗ್ಲಾಸ್ಗೋದ ವಿಸ್ಕಿಪ್ರಿಯರಿಗೆ ಗೊತ್ತಿರಬಹುದು. ವಿಸ್ಕಿ ತಯಾರಿಸುವ ಅಮೃತ್ ಡಿಸ್ಟಿಲರಿ ಇರುವುದು ಈ ಕಂಬೀಪುರದಲ್ಲಿ. ಒಂದು ಬೇಸಿಗೆಯಲ್ಲಿ ನಾನು ಅದನ್ನು ನೋಡಲು ಹೊರಟಾಗ ಮನೆಯಲ್ಲಿ "ಫ್ಯಾಕ್ಟರಿ ವಿಸಿಟ್" ಅಂತ ಹೇಳಿದೆ. ಸುಳ್ಳೇನಲ್ಲವಲ್ಲ.

ನಮ್ಮ ಕಡೆ ವಿಸ್ಕಿ ಅಂತ ಮಾರಾಟವಾಗುವುದರ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರ. ಅದಕ್ಕೆ ಒಂದಿಷ್ಟು ಬಣ್ಣ, ಒಂದಿಷ್ಟು ವಾಸನೆ. ಯುರೋಪಿನವರು ಅದನ್ನು ವಿಸ್ಕಿ ಅಂತ ಒಪ್ಪುವುದೇ ಇಲ್ಲ. ಒಪ್ಪದಿದ್ದರೆ ಮಂಡ್ಯಕ್ಕೇನು ನಷ್ಟ! ಆದರೆ ಸಿಂಗಲ್ ಮಾಲ್ಟ್ ಅನ್ನಿಸಿಕೊಳ್ಳಬೇಕಾದರೆ ಮೊಳಕೆ ಕಟ್ಟಿದ ಬಾರ್ಲಿಯೊಂದರಿಂದಲೇ, ಒಂದೇ ಡಿಸ್ಟಿಲರಿಯಲ್ಲಿ ತಯಾರಾಗಬೇಕು. ಕಂಬೀಪುರದಲ್ಲಿ ಆ ಬಾರ್ಲಿಯ ನುಚ್ಚಿಗೆ ಬಿಸಿನೀರು ಬೆರೆಸುವ ದೊಡ್ಡ ತೊಟ್ಟಿಯ ಹತ್ತಿರ ನಿಂತಾಗ ಮೂಗಿಗೆ ಬಡಿದದ್ದು ಹೆಂಡದಂಗಡಿಯ ಘಾಟಲ್ಲ, ಬೆಳಿಗ್ಗೆ ಒಲೆಯ ಮೇಲೆ ಉಕ್ಕುತ್ತಿರುವ ರಾಗಿ ಮಾಲ್ಟಿನ ವಾಸನೆ. ಎಳೆಮಕ್ಕಳಿಗೆ ಕುಡಿಸುವ ಮಾಲ್ಟಿಗೂ ಇದಕ್ಕೂ ಈ ಹಂತದವರೆಗೆ ಅಂಥ ಜಗಳವಿಲ್ಲ. ಯೀಸ್ಟ್ ಬಿದ್ದ ಮೇಲೆ ದಾರಿ ಬೇರೆಯಾಗುತ್ತದೆ.

ಆಮೇಲೆ ತಾಮ್ರದ ಹಂಡೆಗಳು. ಒಂದರಲ್ಲಿ ಒಮ್ಮೆ, ಇನ್ನೊಂದರಲ್ಲಿ ಮತ್ತೊಮ್ಮೆ ಕಾಯಿಸಿ ಆವಿ ಹಿಡಿದು ಇಳಿಸುತ್ತಾರೆ. ಮೊದಲು ಬರುವುದನ್ನೂ ಕೊನೆಗೆ ಬರುವುದನ್ನೂ ಬೇರೆ ತೆಗೆದು ನಡುವಿನ ಪಾಲನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಇಳಿದು ಬಂದದ್ದು ನೀರಿನಷ್ಟು ತಿಳಿ, ಬಣ್ಣವೇ ಇಲ್ಲ. ಇದನ್ನೆಲ್ಲ ಪುಸ್ತಕದಲ್ಲೂ ಓದಬಹುದು. ಹೋಗಿ ನೋಡಬೇಕಾದದ್ದು ಗೋದಾಮು.

ಹೊರಗೆ ಏಪ್ರಿಲ್ ಬಿಸಿಲು. ಗೋದಾಮಿನ ಒಳಗೆ ಅರೆಗತ್ತಲು, ಸಾಲುಸಾಲು ಓಕ್ ಪೀಪಾಯಿಗಳು. ಹೆಚ್ಚಿನವು ಅಮೆರಿಕದಲ್ಲಿ ಬರ್ಬನ್ ತುಂಬಿಸಿಟ್ಟಿದ್ದ ಹಳೆಯ ಪೀಪಾಯಿಗಳು. ಎರಡು ಹೆಜ್ಜೆ ಇಟ್ಟೆನೋ ಇಲ್ಲವೋ, ಉಸಿರಾಡುವ ಗಾಳಿಯೇ ಸಿಹಿಯಾಯಿತು: ವೆನಿಲಾ, ಹಸಿ ಮರ, ಎಲ್ಲೋ ಒಂದು ಕಡೆ ಮಾಗಿದ ಬಾಳೆಹಣ್ಣು. ಜೊತೆಗಿದ್ದ ಹುಡುಗ ನಕ್ಕು, "ಸಾರ್, ಇದಕ್ಕೆ ದುಡ್ಡಿಲ್ಲ, ಎಷ್ಟು ಬೇಕಾದರೂ ಎಳ್ಕೊಳ್ಳಿ" ಅಂದ.

ಪೀಪಾಯಿಯ ಮರದ ಸಂದಿನಿಂದ ವರ್ಷವರ್ಷವೂ ಒಂದಷ್ಟು ವಿಸ್ಕಿ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಅದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ಅಲ್ಲಿನ ಚಳಿಗೆ ವರ್ಷಕ್ಕೆ ಶೇ. 2ರಷ್ಟು ಹೋದರೆ ಕಂಬೀಪುರದಲ್ಲಿ ಹೋಗುವುದು ಶೇ. 10ರಿಂದ 12. ಗೋದಾಮಿನಿಂದ ಹೊರಗೆ ಬಂದವನೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 200 ಲೀಟರಿನ ಪೀಪಾಯಿಯನ್ನು 12 ವರ್ಷ ಸ್ಕಾಟ್ಲೆಂಡಿನಲ್ಲಿಟ್ಟರೆ 155 ಲೀಟರಿನಷ್ಟಾದರೂ ಉಳಿಯುತ್ತದೆ. ಇಲ್ಲಿಟ್ಟರೆ 50 ಲೀಟರ್ ಉಳಿದರೆ ಪುಣ್ಯ. ಹಾಗಾಗಿ ನಮ್ಮ ಮಾಲ್ಟನ್ನು ನಾಲ್ಕೈದು ವರ್ಷಕ್ಕೇ ಬಾಟಲಿಗೆ ಇಳಿಸುತ್ತಾರೆ. ಬರೀ ಜಿಪುಣತನಕ್ಕೆ ಅಲ್ಲ. ಸೆಖೆಗೆ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ರಾತ್ರಿಯ ತಂಪಿಗೆ ಹಿಂದೆ ಸರಿಯುತ್ತದೆ. ಚಳಿನಾಡಿನಲ್ಲಿ ನಿಧಾನವಾಗಿ ಆಗುವ ಕೆಲಸ ಇಲ್ಲಿ ಬೇಗ ಮುಗಿಯುತ್ತದೆ. ಬಾಟಲಿಯ ಮೇಲೆ 12 ವರ್ಷ, 18 ವರ್ಷ ಅಂತ ಅಂಕಿ ನೋಡಿ ಬೆಲೆ ಕಟ್ಟುವವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟ. ವಿದೇಶದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ ಆ ಅಂಕಿಗಿರುವ ಗೌರವ ನಮ್ಮ ಕಂಬೀಪುರಕ್ಕೆ ಎಲ್ಲಿಂದ ಬರಬೇಕು?

ಬಾರ್ಲಿ ಪಂಜಾಬ್, ಹರಿಯಾಣ, ರಾಜಸ್ಥಾನಗಳ ಕಡೆಯದು. ಪೀಪಾಯಿ ಅಮೆರಿಕದ್ದು. ಹೊಗೆ ಬೇಕಾದರೆ ಸ್ಕಾಟ್ಲೆಂಡಿನ ಜೌಗು ನೆಲದ ಪೀಟ್ ಉರಿಸಿ ಒಣಗಿಸಿದ ಬಾರ್ಲಿಯನ್ನೇ ತರಿಸಬೇಕು. ಹಾಗಾದರೆ ಇದರಲ್ಲಿ ನಮ್ಮದೇನು? ಸೆಖೆ! ಸಮುದ್ರಮಟ್ಟದಿಂದ 3,000 ಅಡಿ ಎತ್ತರ, ವರ್ಷವಿಡೀ ತಂಪು ಅಂತ ನಾವು ಬೆಂಗಳೂರಿಗರು ಕಂಡವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತೇವೆ. ಪೀಪಾಯಿಯ ಅಭಿಪ್ರಾಯವೇ ಬೇರೆ.

1948ರಲ್ಲಿ ರಾಧಾಕೃಷ್ಣ ಜಗದಾಳೆ ಶುರುಮಾಡಿದ ಅಮೃತ್ ಕಂಪನಿ ಬಹಳ ಕಾಲ ಬೇರೆ ಮದ್ಯಗಳನ್ನೇ ಮಾಡಿಕೊಂಡಿತ್ತು. ಅವರ ಮಗ ನೀಲಕಂಠ ಜಗದಾಳೆಯವರು ಸಿಂಗಲ್ ಮಾಲ್ಟನ್ನು 2004ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ತಂದದ್ದು ಎಲ್ಲಿ? ಗ್ಲಾಸ್ಗೋದಲ್ಲಿ. ಸ್ಕಾಟರ ಊರಿಗೇ ಹೋಗಿ ವಿಸ್ಕಿ ಮಾರುವ ಧೈರ್ಯ! ತನ್ನೂರು ಬೆಂಗಳೂರಿನ ಅಂಗಡಿಗೆ ಅದು ಬಂದದ್ದು 2010ರಲ್ಲಿ. ಜಿಮ್ ಮರ್ರಿ ಎಂಬ ವಿಮರ್ಶಕ ತನ್ನ ವಿಸ್ಕಿ ಬೈಬಲ್‌ನ 2010ರ ಆವೃತ್ತಿಯಲ್ಲಿ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದ್ದ. ಪರದೇಶದವರು ಭೇಷ್ ಅಂದಮೇಲೆ ನಾವು ತಿರುಗಿ ನೋಡುವ ಸಂಪ್ರದಾಯ ಇಲ್ಲೂ ತಪ್ಪಲಿಲ್ಲ.

ಆ ಫ್ಯೂಷನ್‌ನದೇ ಒಂದು ಬಾಟಲಿ ತಂದು ರಾತ್ರಿ ತೆರೆದೆವು, ನಾನು ಮತ್ತು ನನ್ನ ಹಳೆಯ ಸ್ನೇಹಿತ. ಮುಕ್ಕಾಲು ಪಾಲು ಇಲ್ಲಿಯ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನ ಹೊಗೆ ಹಿಡಿದ ಬಾರ್ಲಿ, ಶೇ. 50 ಮದ್ಯಸಾರ. ಬಾಯಿ ಕಿರಿದಾದ ಲೋಟಕ್ಕೆ ಎರಡು ಬೆರಳಿನಷ್ಟು ಹಾಕಿ ತಕ್ಷಣ ಮೂಗಿಟ್ಟರೆ ಮೂಗು ಸುಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಬಾಯಿ ಅರೆ ತೆರೆದುಕೊಂಡು ಮೂಸಬೇಕು. ಮೊದಲು ಕಿತ್ತಳೆ ಸಿಪ್ಪೆ. ಹಿಂದೆಯೇ ಬಿಸಿ ಬೆಲ್ಲ. ನಾಲಗೆಗೆ ತಾಗಿದಾಗ ಕಾಳುಮೆಣಸಿನ ಖಾರ, ನುಂಗಿದ ಮೇಲೆ ಗಂಟಲಿನಿಂದ ನಿಧಾನವಾಗಿ ಮೇಲೆ ಬರುವ ಹೊಗೆ. ಚಮಚದಲ್ಲಿ ನಾಲ್ಕು ಹನಿ ನೀರು ಬಿಟ್ಟೆ. ಖಾರ ತಗ್ಗಿ ಎಲ್ಲಿಂದಲೋ ಚಾಕೊಲೇಟ್ ಎದ್ದು ಬಂತು.

ಇದರಲ್ಲಿ ಎಷ್ಟು ಲೋಟದಲ್ಲಿತ್ತು, ಎಷ್ಟು ನಾನು ಗೋದಾಮಿನಿಂದ ಹೊತ್ತು ತಂದದ್ದು? ಇದೇ ವಿಸ್ಕಿಯನ್ನು ಹಿಂದೊಮ್ಮೆ ಯಾರದೋ ಮದುವೆಯ ಆರತಕ್ಷತೆಯಲ್ಲಿ ಐಸು, ಸೋಡಾ, ಗೋಬಿ ಮಂಚೂರಿಯ ಜೊತೆಗೆ ಕುಡಿದಿದ್ದೆ. ಆಗ ಕಿತ್ತಳೆಯೂ ಇರಲಿಲ್ಲ, ಚಾಕೊಲೇಟೂ ಇರಲಿಲ್ಲ. ನೋಡಿಬಂದ ನಾಲಗೆ ಪಕ್ಷಪಾತಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಪಕ್ಷಪಾತವಿಲ್ಲದ ನಾಲಗೆಯೊಂದು ಸಿಕ್ಕರೂ ನನಗೆ ಬೇಡ. ಗುಟುಕಿನ ಜೊತೆಗೆ ಪೀಪಾಯಿಯಿಂದ ಹಾರಿಹೋದದ್ದೂ ನೆನಪಾಗುತ್ತಿದ್ದರೆ ಕೈ ತಾನಾಗಿಯೇ ನಿಧಾನವಾಗುತ್ತದೆ. ಎರಡನೆಯ ಪೆಗ್ಗು ಬೇಕು ಅನ್ನಿಸಲೇ ಇಲ್ಲ.

ಸ್ನೇಹಿತನಿಗೆ ಹಾಗೇನೂ ಆಗಿರಲಿಲ್ಲ. ಅವನು ಬೆಲೆ ಕೇಳಿದ. ಹೇಳಿದೆ. ಹೌಹಾರಿದ. ಪೀಪಾಯಿಯಲ್ಲಿ ಹೆಚ್ಚುಕಡಿಮೆ ಅರ್ಧ ಗಾಳಿಗೆ ಹೋಗಿರುತ್ತೆ ಕಣೋ, ಸುಮ್ಮನೆ ಅಲ್ಲ ಅಂತ ವಿವರಿಸಿದೆ.

"ಅಂದ್ರೆ ಹಾರಿಹೋಗಿದ್ದಕ್ಕೂ ನಾನೇ ದುಡ್ಡು ಕೊಡಬೇಕಾ?"

"ಹೂಂ."

"ಅದರ ಮೇಲೆ ಟ್ಯಾಕ್ಸು ಬೇರೆ!" ಅನ್ನುತ್ತ ಅವನು ಸೋಡಾ ಬಾಟಲಿಯ ಮುಚ್ಚಳ ತಿರುಗಿಸಿದ. ನಾನು ಅವನ ಲೋಟದ ಮೇಲೆ ಕೈ ಅಡ್ಡ ಇಟ್ಟೆ.