ಗಾಜಿನ ಪಾಠಾಂತರ

ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಸೋಡಾ ಬಾಟಲಿಗಳಿಗಾಗಿ ಅಲೆಯುವುದು ನನಗೆ ಅಂಟಿಕೊಂಡ ಗೀಳು. ಮೈಮೇಲೆ ಉಬ್ಬಕ್ಷರಗಳಿರುವ ಬಾಟಲಿಗಳೆಂದರೆ ವಿಶೇಷ ಪ್ರೀತಿ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿಯೇ ನಮ್ಮ ಗೋಲಿ ಸೋಡಾದ ಮೂಲ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಮೇಲಕ್ಕೊತ್ತಿ ರಬ್ಬರಿನ ಬಳೆಗೆ ಬಿಗಿಯುತ್ತದೆ. ಬೇರೆ ಬಿರಡೆ ಬೇಕಿಲ್ಲ.

ಈ ಹವ್ಯಾಸಕ್ಕೆ ಕಣ್ಣು ಕೊಟ್ಟದ್ದು ನಮ್ಮ ವಿಭಾಗದ ಗ್ರಂಥಸಂಪಾದನೆಯ ಪಾಠವೆಂದರೆ ಓದುಗರು ನಗಬಹುದು. ಓಲೆಗರಿಯ ಲಿಪಿಕಾರನಂತೆ ಅಚ್ಚು ಕೊರೆಯುವವನೂ ತಪ್ಪುತ್ತಾನೆ. ಗಾಜಿನ ಮೇಲೆ ಅಕ್ಷರ ಸರಿಯಾಗಿ ಮೂಡಬೇಕಾದರೆ ಅಚ್ಚಿನಲ್ಲಿ ಅದನ್ನು ತಿರುಗುಮುರುಗಾಗಿ ಕೊರೆಯಬೇಕು. ಮರೆತು ಒಂದು 'ಎಸ್' ಅಕ್ಷರವನ್ನು ನೇರವಾಗಿ ಕೊರೆದನೆನ್ನಿ, ಆ ಅಚ್ಚಿನ ಬಾಟಲಿಗಳಲ್ಲೆಲ್ಲ ಅದು ಹಿಂದುಮುಂದಾಗಿಯೇ ಉಳಿಯುತ್ತದೆ. ತಪ್ಪನ್ನು ಕಂಡು ಅಚ್ಚನ್ನು ಬೇಗನೆ ಬದಲಿಸಿದರೆ ಅಂಥವು ಅಪರೂಪವಾಗುತ್ತವೆ. ಸಂಗ್ರಾಹಕನಿಗೆ ಅದೇ ಪಾಠಾಂತರ.

ಕುಂದಾಪುರದ ಕಡೆಯಿಂದ ಎಳವೆಯಲ್ಲೇ ಮುಂಬಯಿಗೆ ಬಂದ ನನ್ನ ಅಪ್ಪಯ್ಯ ಫೋರ್ಟಿನ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಬಾಟಲಿ ತೊಳೆದವರು. ಖಾಲಿ ಬಾಟಲಿಗಳನ್ನು ಆಯಾ ಕಂಪನಿಯ ಪೆಟ್ಟಿಗೆಗೆ ಬೇರ್ಪಡಿಸುವುದೂ ಅವರ ಕೆಲಸವೇ. ಇಂಗ್ಲಿಷ್ ಓದಲು ಬಾರದ ಅವರು ಉಬ್ಬಕ್ಷರಗಳನ್ನು ಹೆಬ್ಬೆರಳಿನಿಂದ ಗುರುತಿಸುತ್ತಿದ್ದರು. ವಿದ್ಯಾರ್ಥಿಯಾಗಿದ್ದಾಗ ಇದನ್ನು ನಾನು ಯಾರಿಗೂ ಹೇಳಲಿಲ್ಲ. 'ಹೋಟೆಲಿನಲ್ಲಿದ್ದಾರೆ' ಎಂದಷ್ಟೇ ಹೇಳಿ ಮಾತು ತೇಲಿಸಿಬಿಡುತ್ತಿದ್ದೆ.

ಅವರ ಕಣ್ಣು ಮಂಜಾದ ಮೇಲಿನ ಒಂದು ಸಂಜೆ, ದುಬಾರಿ ಬೆಲೆಗೆ ಕೊಂಡ ಬಾಟಲಿಯೊಂದನ್ನು ಹೆಮ್ಮೆಯಿಂದ ಅವರ ಕೈಗಿತ್ತೆ. "ಹತ್ತೊಂಬತ್ತನೆಯ ಶತಮಾನದ್ದು, ಅಪ್ಪಯ್ಯ." ಅವರ ಹೆಬ್ಬೆರಳು ಪಕ್ಕದ ಬೆಸುಗೆಗೆರೆಯ ಮೇಲೆ ನಿಧಾನವಾಗಿ ಏರಿ, ತುಟಿಯನ್ನೂ ದಾಟಿತು. "ಅಷ್ಟು ಹಳತಲ್ಲ ಮಗಾ. ಹಳೇದರಲ್ಲಿ ಈ ಗೆರೆ ಕುತ್ತಿಗೆಯಲ್ಲೇ ನಿಂತುಬಿಡುತ್ತಿತ್ತು" ಎಂದರು. ತುಟಿಯನ್ನು ಕೈಯಿಂದ ತಿದ್ದಿದ ಬಾಟಲಿಯಲ್ಲಿ ಗೆರೆ ಅಲ್ಲಿ ಅಳಿಸಿಹೋಗುತ್ತದೆ. ತುಟಿಯ ಮೇಲೂ ಹಾಯ್ದ ಗೆರೆ ಯಂತ್ರದ ಗುರುತು. ಅಮೆರಿಕೆಯ ಮೈಕೆಲ್ ಓವೆನ್ಸ್‌ನ ಸ್ವಯಂಚಾಲಿತ ಯಂತ್ರ ರೂಪುಗೊಂಡದ್ದು 1903ರ ಹೊತ್ತಿಗೆ. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದು ಬೆರಳಿಗೆ ಇಳಿದಿರಲಿಲ್ಲ.

ಬಳಿಕ ಅವರು ಕಪಾಟಿನ ಮೂಲೆಯಲ್ಲಿದ್ದ ಗೋಲಿ ಸೋಡಾ ಬಾಟಲಿಯನ್ನು ಸವರಿ, "ಈ ಒಂದು ಅಕ್ಷರ ಆಚೆ ಮುಖ ಮಾಡಿದೆಯಲ್ಲ?" ಎಂದರು. ದೀಪಕ್ಕೆ ಹಿಡಿದು ನೋಡಿದೆ. ಹಿಂದುಮುಂದಾದ 'ಎಸ್'! ಹತ್ತು ವರ್ಷ ನನ್ನಲ್ಲೇ ಇದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಿಳಿದ ಪದವನ್ನು ಕಣ್ಣು ತಾನೇ ತಿದ್ದಿಕೊಂಡು ಓದಿಬಿಡುತ್ತದೆ. ಅಪ್ಪಯ್ಯ ಪದವನ್ನು ಓದುತ್ತಿರಲಿಲ್ಲ. ಇದ್ದುದನ್ನು ಇದ್ದಂತೆಯೇ ಮುಟ್ಟುತ್ತಿದ್ದರು. ಗುರುಗಳು ಪಾಠಾಂತರದ ಬಗ್ಗೆ ಹೇಳಿಕೊಟ್ಟದ್ದೂ ಅದನ್ನೇ ಅಲ್ಲವೇ?

ಅಪ್ಪಯ್ಯ ಈಗಿಲ್ಲ. ಆ ಬಾಟಲಿಗೆ ಒಳ್ಳೆಯ ಬೆಲೆ ಕೊಡಲು ಬಂದವರಿದ್ದರು, ನಾನು ಕೊಡಲಿಲ್ಲ. ಅಂದು ಸಹಪಾಠಿಗಳಿಂದ ಮರೆಮಾಚಿದ ಮಾತನ್ನು ವಿಭಾಗದ ಈ ಸಂಸ್ಮರಣ ಸಂಪುಟದಲ್ಲಾದರೂ ಬರೆದಿಡುತ್ತೇನೆ: ನನ್ನ ಅಪ್ಪಯ್ಯ ಬಾಟಲಿ ತೊಳೆಯುತ್ತಿದ್ದರು.