ಮಿನಿಕಾಯ್‌ನಲ್ಲಿ ಒಂದು ಹಗಲು, ಒಬ್ಬಳೇ

ಮೊಬೈಲ್‌ನಲ್ಲಿ ಮ್ಯಾಪ್ ತೆರೆದು ‘ಮಿನಿಕಾಯ್’ ಅಂತ ಹುಡುಕಿ ನೋಡಿ. ಮೊದಲು ಬರೀ ನೀಲಿ ಕಾಣುತ್ತೆ. ಜೂಮ್ ಮಾಡ್ತಾ ಹೋದರೆ ಆ ನೀಲಿಯ ನಡುವೆ ಕತ್ತಿಯಲಗಿನ ಹಾಗೆ ಬಾಗಿದ ಒಂದು ಹಸಿರು ಗೆರೆ. ಅದೇ ದ್ವೀಪ. ಉದ್ದ ಸುಮಾರು 10 ಕಿಲೋಮೀಟರ್, ವಿಸ್ತೀರ್ಣ 5 ಚದರ ಕಿಲೋಮೀಟರಿಗೂ ಕಡಿಮೆ. ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರ. ಲಕ್ಷದ್ವೀಪದ್ದೇ ಇನ್ನೊಂದು ದ್ವೀಪ ಕಲ್ಪೇನಿಗೆ ಇಲ್ಲಿಂದ 200 ಕಿ.ಮೀ. ಆದರೆ ದಕ್ಷಿಣಕ್ಕೆ ಹೊರಟರೆ ಅದಕ್ಕಿಂತ ಹತ್ತಿರದಲ್ಲೇ ಮಾಲ್ಡೀವ್ಸ್ ಶುರುವಾಗಿಬಿಡುತ್ತೆ.

ಇಲ್ಲಿಗೆ ಮನಸ್ಸು ಬಂದ ಕೂಡಲೇ ಬ್ಯಾಗ್ ಎತ್ತಿಕೊಂಡು ಹೋಗೋಕಾಗಲ್ಲ. ಲಕ್ಷದ್ವೀಪಕ್ಕೆ ಕಾಲಿಡಲು ಭಾರತೀಯರಿಗೂ ಪರ್ಮಿಟ್ ಬೇಕು. ನಾನು ಹಿಡಿದದ್ದು ಸುಲಭದ ದಾರಿ: ಕೊಚ್ಚಿಯಿಂದ ಹೊರಡುವ ಹಡಗಿನ ಪ್ಯಾಕೇಜ್. ರಾತ್ರಿ ಹಡಗಿನಲ್ಲೇ ಮಲಗೋದು, ಹಗಲು ಒಂದೊಂದು ದ್ವೀಪ ನೋಡೋದು. ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಡಗಿನ ತುಂಬ ಕುಟುಂಬಗಳು, ಹೊಸ ಜೋಡಿಗಳು, ನಿವೃತ್ತರ ಗುಂಪುಗಳು. ಊಟದ ಸಾಲಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: “ಒಬ್ಬಳೇನಾ?”

ಹೌದು, ಒಬ್ಬಳೇ. ಬೆಂಗಳೂರಲ್ಲಿ ಆರು ವರ್ಷದಿಂದ ಒಬ್ಬಳೇ ಇದ್ದೇನೆ, ಹಾಗಾಗಿ ಆ ಪ್ರಶ್ನೆ ಅಭ್ಯಾಸವಾಗಿದೆ. ಆದರೆ ಈ ಸಲ ತಲೆಯಲ್ಲಿ ಬೇರೆ ಒಬ್ಬರ ಒಂಟಿತನ ಕೂತಿತ್ತು. ಮಂಜೇಶ್ವರದ ಮನೆಯಲ್ಲಿ ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ. ಮನೆ ಮಾರಿ ಅಮ್ಮನನ್ನು ಬೆಂಗಳೂರಿಗೆ ಕರ್ಕೊಂಡು ಬರೋಣ ಅಂತ ಅಣ್ಣ. “ನೀವಿಬ್ರೂ ಏನು ಹೇಳ್ತೀರೋ ಹಾಗೆ” ಅಂತ ಅಮ್ಮ. ತಿಂಗಳ ಕೊನೆಯೊಳಗೆ ನಾನು ಉತ್ತರ ಕೊಡಬೇಕಿತ್ತು.

ನಮ್ಮದೇ ಜಿಲ್ಲೆಯ ಹಳೇ ನೆಂಟರು

ಮಂಜೇಶ್ವರದವಳಾದ ನನಗೆ ಲಕ್ಷದ್ವೀಪದ ಮೇಲೆ ಒಂದು ಸಣ್ಣ ಹಕ್ಕು ಇದೆ ಅಂತ ಮೊದಲಿಂದಲೂ ಅನ್ನಿಸೋದು. ಅದಕ್ಕೆ ಕಾರಣ ಇತಿಹಾಸ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿದಿವಿ ದ್ವೀಪಗಳು ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಡಳಿತ ಮಂಗಳೂರಿಂದ. ಕಾಸರಗೋಡೂ ಆಗ ಅದೇ ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರಂದು ಕನ್ನಡದ ಜಿಲ್ಲೆಗಳೆಲ್ಲ ಮೈಸೂರು ರಾಜ್ಯದಲ್ಲಿ ಒಂದಾದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು, ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ನಾವು ಪ್ರತಿ ವರ್ಷ ರಾಜ್ಯೋತ್ಸವ ಮಾಡುವ ದಿನವೇ ಒಂದು ಜಿಲ್ಲೆ ಮೂರು ಪಾಲಾದ ದಿನ. ‘ಲಕ್ಷದ್ವೀಪ’ ಅನ್ನೋ ಹೆಸರು ಬಂದದ್ದು ಆಮೇಲೆ, 1973ರಲ್ಲಿ.

ಮಿನಿಕಾಯ್ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಮಲಬಾರ್ ಜಿಲ್ಲೆಯ ಲೆಕ್ಕದಲ್ಲಿತ್ತು. ಭಾಷೆಯಲ್ಲೂ ಅದು ಬೇರೆಯೇ ಲೋಕ.

ಗಡಿನಾಡಿನಲ್ಲಿ ಬೆಳೆದ ನನಗೆ ಮಲಯಾಳ ಬರುತ್ತೆ. ಕಲ್ಪೇನಿ, ಕವರತ್ತಿಯಲ್ಲಿ ಜನ ಆಡುವ ಜೆಸರಿ ಮಲಯಾಳದ್ದೇ ಒಂದು ರೂಪ, ಅರ್ಧ ಊಹೆಯಲ್ಲಿ ತಿಳಿಯುತ್ತಿತ್ತು. ಮಿನಿಕಾಯ್ ಜೆಟ್ಟಿಯಲ್ಲಿ ದೋಣಿ ಇಳಿದಾಗ ಕಿವಿಗೆ ಬಿದ್ದ ಮಾತಿನಲ್ಲಿ ಒಂದು ಪದವೂ ಹಿಡಿತಕ್ಕೆ ಸಿಗಲಿಲ್ಲ. ಅದು ಮಹಲ್, ಮಾಲ್ಡೀವ್ಸ್‌ನ ದಿವೇಹಿ ಭಾಷೆಯ ಒಡಹುಟ್ಟು. ಲಿಪಿ ‘ತಾನಾ’, ಬಲದಿಂದ ಎಡಕ್ಕೆ ಬರೆಯೋದು. ಇದರಲ್ಲೊಂದು ಸ್ವಾರಸ್ಯ ಇದೆ: ಆ ಲಿಪಿಯ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬ್ಬೀ ಅಂಕಿಗಳಿಂದ. ಅಂದ್ರೆ 1ರಿಂದ 9ರವರೆಗಿನ ಅಂಕಿಗಳೇ ಅಕ್ಷರಗಳಾಗಿಬಿಟ್ಟಿವೆ!

ಊರು ಅಂದ್ರೆ ಹೀಗೂ ಇರುತ್ತೆ

ಜೊತೆಗಿದ್ದವರೆಲ್ಲ ಲಗೂನ್‌ಗೆ ಇಳಿದರು. ನಾನು ಗೈಡ್‌ಗೆ ಹೇಳಿ, ಒಂದು ಬಾಡಿಗೆ ಸೈಕಲ್ ಹಿಡಿದು ಊರ ಕಡೆ ಹೊರಟೆ. “ನಾಲ್ಕು ಗಂಟೆಗೆ ಜೆಟ್ಟಿಯಲ್ಲಿರ್ಬೇಕು. ಹಡಗು ಯಾರಿಗೂ ಕಾಯಲ್ಲ” ಅಂತ ಅವನು ಎರಡು ಸಲ ಹೇಳಿದ.

ಎರಡೂ ಕಡೆ ತೆಂಗು, ನಡುವೆ ಕಿರಿದಾದ ಕಾಂಕ್ರೀಟ್ ರಸ್ತೆ, ಗೋಡೆಗಳಿಗೆ ಬಿಳಿ ಸುಣ್ಣ. ಹಾರ್ನ್ ಸದ್ದೇ ಇಲ್ಲ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 10,447. ಆದರೆ ಬೀದಿಯಲ್ಲಿ ದುಡಿಯುವ ವಯಸ್ಸಿನ ಗಂಡಸರು ಕಾಣೋದು ಕಡಿಮೆ. ಮಿನಿಕಾಯ್‌ನವರು ತಲೆತಲಾಂತರದಿಂದ ನಾವಿಕರು. ಪ್ರಪಂಚದ ಯಾವ್ಯಾವುದೋ ಸರಕು ಹಡಗಿನಲ್ಲಿ ತಿಂಗಳುಗಟ್ಟಲೆ ಕೆಲಸ, ನಡುವೆ ರಜೆಗೆ ಊರು. ಉಳಿದವರು ಮೀನಿಗೆ ಹೋಗಿರ್ತಾರೆ.

ದ್ವೀಪದ ಜನವಸತಿ ಹತ್ತಕ್ಕೂ ಹೆಚ್ಚು ಹಳ್ಳಿಗಳಾಗಿ ಹಂಚಿಹೋಗಿದೆ. ಪ್ರತಿ ಹಳ್ಳಿಗೂ ಒಬ್ಬ ಹಿರಿಯ ಇರ್ತಾನೆ, ಅವನು ‘ಬೊಡುಕಾಕ’. ಅಷ್ಟೇ ಅಲ್ಲ, ಹೆಂಗಸರ ಕಡೆಯಿಂದ ಒಬ್ಬ ಹಿರಿಯಳೂ ಇರ್ತಾಳೆ, ‘ಬೊಡುದಾತ’. ಊರ ಒಟ್ಟು ಕೆಲಸ, ಹಬ್ಬ, ದೋಣಿ ಎಳೆಯೋದು, ದಾರಿ ಗುಡಿಸೋದು ಎಲ್ಲ ಹಳ್ಳಿಯದ್ದೇ ಜವಾಬ್ದಾರಿ. ಸ್ಪರ್ಧೆಗೆ ಬಿಡುವ ಉದ್ದನೆಯ ‘ಜಹಾದೋಣಿ’ಗಳೂ ಹಾಗೇ, ಬಣ್ಣ ಬಳಿದು ನೋಡಿಕೊಳ್ಳೋದು ಊರವರೇ.

ಒಂದು ಅಂಗಳದಲ್ಲಿ ಚಾಪೆ ಮೇಲೆ ಮೀನು ಒಣಗಿಸ್ತಿದ್ದ ಹೆಂಗಸೊಬ್ಬರನ್ನು ನೀರು ಕೇಳಿದೆ. ಅರವತ್ತರ ಹತ್ತಿರದವರು. ನಾನು “ಇತ್ತಾ” ಅಂತ ಮಲಯಾಳದಲ್ಲಿ ಕರೆದದ್ದಕ್ಕೆ ನಕ್ಕರು, “ಮೋಳೇ, ಕೂತ್ಕೊ” ಅಂದರು. ಅವರ ಮಲಯಾಳವೂ ನನ್ನದರ ಹಾಗೇ ಶಾಲೆಯಲ್ಲಿ ಕಲಿತದ್ದು. ಇಬ್ಬರಿಗೂ ಅದು ಮನೆಮಾತಲ್ಲ, ಅದಕ್ಕೇ ಏನೋ ಮಾತು ಸಲೀಸಾಗಿ ಹೋಯಿತು.

“ಒಬ್ಳೇ ಬಂದ್ಯಾ?” ಅಂತ ಅವರೂ ಕೇಳಿದರು. ಆದರೆ ದನಿಯಲ್ಲಿ ಗಾಬರಿ ಇರಲಿಲ್ಲ. “ನಮ್ಮ ಗಂಡಸರೆಲ್ಲ ಹೀಗೇ, ಒಬ್ಬೊಬ್ರೇ ಹೋಗೋದು” ಅಂದರು.

ಅವರ ಗಂಡ ಮೂವತ್ತು ವರ್ಷ ಹಡಗಿನಲ್ಲಿದ್ದರಂತೆ. ಈಗ ಮಗ ಹೋಗ್ತಾನೆ. ಅಷ್ಟು ವರ್ಷ ಒಬ್ಬರೇ ಹೇಗಿದ್ರಿ ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದಾಗ ಹೇಳಿದರು: “ಒಬ್ಳು ಯಾಕೆ? ಬೆಳಿಗ್ಗೆ ಈ ಅಂಗಳ ಗುಡಿಸದೇ ಇದ್ರೆ ಹತ್ತು ಗಂಟೆಯೊಳಗೆ ಯಾರಾದ್ರೂ ಬಂದು ಕೇಳ್ತಾರೆ. ಒಬ್ಬರೇ ಇರೋದು ಹಡಗಿನಲ್ಲಿರುವವರು.”

ಮನೆ ಯಾರ ಹೆಸರಿನಲ್ಲಿದೆ ಅಂದೆ. “ಅಮ್ಮಂದು, ಆಮೇಲೆ ನಂದು, ನಾಳೆ ಮಗಳದ್ದು. ಗಂಡಸರು ಬರ್ತಾರೆ, ಹೋಗ್ತಾರೆ. ಮನೆ ಎಲ್ಲಿಗೂ ಹೋಗಲ್ಲ.” ಇಲ್ಲಿ ವಂಶ ನಡೆಯೋದು ತಾಯಿಯ ಕಡೆಯಿಂದ, ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರ್ತಾನೆ. ತುಳುನಾಡಿನ ಅಳಿಯಸಂತಾನ ಕೇಳಿ ಬೆಳೆದವಳಿಗೆ ಇದು ಪೂರ್ತಿ ಹೊಸದಲ್ಲ. ಆದರೆ ನಮ್ಮಲ್ಲಿ ಅದು ಅಜ್ಜಿಯ ಬಾಯಿಯ ಕಥೆಯಾಗಿದೆ. ಇಲ್ಲಿ ಇನ್ನೂ ಅಂಗಳದಲ್ಲಿ ಮೀನು ಒಣಗಿಸ್ತಾ ಕೂತಿದೆ.

ಕಲ್ಲಿನಂಥ ಮೀನು

ಚಾಪೆಯ ಮೇಲಿದ್ದದ್ದು ‘ಮಾಸ್’. ನೋಡೋಕೆ ಒಣಗಿದ ಮರದ ತುಂಡು, ಕುಟ್ಟಿದರೆ ಟಕ್ ಟಕ್ ಸದ್ದು. ಟ್ಯೂನಾ ಮೀನನ್ನು, ಅಂದ್ರೆ ಮಲಯಾಳದ ಚೂರ, ಸೀಳಿ ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಗಟ್ಟಿಯಾಗುವವರೆಗೆ ಒಣಗಿಸ್ತಾರೆ. ಫ್ರಿಜ್ ಇಲ್ಲದ ಕಾಲದಿಂದಲೂ ತಿಂಗಳುಗಟ್ಟಲೆ ಕೆಡದ ಆಹಾರ. ನಾವಿಕರ ಊರಿಗೆ ಹೇಳಿ ಮಾಡಿಸಿದ್ದು.

ಆ ಟ್ಯೂನಾ ಹಿಡಿಯುವ ರೀತಿ ಇನ್ನೂ ಚಂದ. ಬಲೆ ಇಲ್ಲ. ಮೊದಲು ಲಗೂನ್‌ನಲ್ಲಿ ಸಣ್ಣ ಮೀನು ಹಿಡಿದು ದೋಣಿಯ ನೀರಿನಲ್ಲಿ ಜೀವಂತ ಇಟ್ಕೊಳ್ತಾರೆ. ಟ್ಯೂನಾ ಹಿಂಡು ಕಂಡಾಗ ಅದನ್ನು ಎರಚ್ತಾರೆ, ಜೊತೆಗೆ ನೀರನ್ನೂ ಚಿಮುಕಿಸ್ತಾರೆ. ಹಿಂಡಿಗೆ ಎಲ್ಲ ಕಡೆ ಸಣ್ಣ ಮೀನು ಜಿಗಿದ ಹಾಗೆ ಭ್ರಮೆ. ದೋಣಿಯ ಹಿಂಬದಿ ಸಾಲಾಗಿ ನಿಂತವರು ಕೋಲು-ದಾರದ ಗಾಳದಿಂದ ಒಂದೊಂದೇ ಮೀನು ಎಳೆದು ಬೆನ್ನ ಹಿಂದಕ್ಕೆ ಹಾಕ್ತಾರೆ. ಗಾಳಕ್ಕೆ ಮುಳ್ಳು ಇರಲ್ಲ, ಹಾಗಾಗಿ ಮೀನು ತಾನಾಗಿ ಕಳಚಿ ಬೀಳುತ್ತೆ. ಬೇಡದ ಮೀನು, ಆಮೆ ಸಿಕ್ಕಿಕೊಳ್ಳೋ ಮಾತೇ ಅಪರೂಪ.

ಮಧ್ಯಾಹ್ನದ ಊಟಕ್ಕೆ ಅದೇ ಟ್ಯೂನಾ ಸಾರು, ಅನ್ನ. ಸಸ್ಯಾಹಾರಿಗಳಿಗೆ ಬೇರೆ ಇರುತ್ತೆ, ಮೊದಲೇ ಹೇಳಿಡಿ ಅಷ್ಟೇ.

ದೀಪಸ್ತಂಭದ ಮೇಲಿಂದ

ದ್ವೀಪದ ದಕ್ಷಿಣ ತುದಿಯ ಕಡೆ ದೀಪಸ್ತಂಭ. 1885ರಲ್ಲಿ ಬ್ರಿಟಿಷರು ಕಟ್ಟಿಸಿದ್ದು, ಈಗಲೂ ಉರಿಯುತ್ತೆ. ಸುರುಳಿ ಮೆಟ್ಟಿಲು ಹತ್ತುವಾಗ ಕಾಲು ನಡುಗಿತು, ಮೇಲೆ ಹೋದಾಗ ಗಾಳಿ ಓಲಾಡಿಸಿತು.

ಆದರೆ ಅಲ್ಲಿಂದ ಕಾಣೋದನ್ನು ಫೋನ್ ಕ್ಯಾಮೆರಾ ಹಿಡಿಯಲ್ಲ. ಒಂದು ಕಡೆ ಲಗೂನ್: ತಿಳಿಹಸಿರು, ಕಾಲಿಟ್ಟರೆ ಮೊಣಕಾಲವರೆಗೆ ಬರಬಹುದು ಅನ್ನುವಷ್ಟು ಸ್ವಚ್ಛ. ಇನ್ನೊಂದು ಕಡೆ ಕಡುನೀಲಿ ಸಮುದ್ರ. ನಡುವೆ ತೆಂಗಿನ ಮರಗಳ ಒಂದು ತೆಳು ಪಟ್ಟಿ. ಹತ್ತು ಸಾವಿರ ಜನ ಬದುಕಿರೋದು ಆ ಪಟ್ಟಿ ಮೇಲೆ. ಪಕ್ಕದಲ್ಲಿ ವಿರಿಂಗಿಲಿ ಅನ್ನೋ ಪುಟ್ಟ, ಜನವಿಲ್ಲದ ದ್ವೀಪ. ಹಿಂದೆ ಸಿಡುಬು ಬಂದವರನ್ನು ಅಲ್ಲಿ ಬಿಡ್ತಿದ್ದರಂತೆ. ಅದಕ್ಕೇ ಅದಕ್ಕೆ ಸಿಡುಬಿನ ದ್ವೀಪ ಅಂತಲೂ ಹೆಸರು.

ಮೇಲೆ ನಿಂತಾಗ ತಲೆಗೆ ಬಂದದ್ದು ಅಂಗಳದಲ್ಲಿ ಕುಡಿದ ಒಂದು ಲೋಟ ನೀರು. ಇಲ್ಲಿ ಹೊಳೆ ಇಲ್ಲ, ಬೆಟ್ಟವೂ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೇಲಿದ ಹಾಗೆ ನಿಂತಿರುತ್ತೆ. ಬಾವಿಯಿಂದ ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತೆ. 2011ರಲ್ಲಿ ಇಲ್ಲೊಂದು ಸಿಹಿನೀರಿನ ಘಟಕ ಶುರುವಾಯಿತು. ಸಮುದ್ರದ ಮೇಲ್ಪದರದ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡೋದು, ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸೋದು. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯ. ಹತ್ತು ಸಾವಿರ ಜನಕ್ಕೆ ಹಂಚಿದರೆ ತಲೆಗೆ ಹತ್ತು ಲೀಟರ್. ನಮ್ಮ ಅಪಾರ್ಟ್‌ಮೆಂಟಿನ ಶವರ್ ಒಂದೆರಡು ನಿಮಿಷದಲ್ಲಿ ಸುರಿಸುವಷ್ಟು.

ನೀರಿನೊಳಗಿನ ಹವಳಕ್ಕೂ ಕಷ್ಟ ಇದೆ. ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತ್ತು. ಅಲೆಯನ್ನು ತಡೆದು ಈ ಪಟ್ಟಿಯನ್ನು ಉಳಿಸಿರುವ ಗೋಡೆಯೇ ಆ ಹವಳ. ಅದು ಸವೆದರೆ “ಮನೆ ಎಲ್ಲಿಗೂ ಹೋಗಲ್ಲ” ಅನ್ನೋ ಮಾತು ನಿಲ್ಲುತ್ತಾ? ಗೊತ್ತಿಲ್ಲ. ಆದರೂ ಇತ್ತಾ ಬೆಳಿಗ್ಗೆ ಎದ್ದು ಅಂಗಳ ಗುಡಿಸ್ತಾರೆ, ಗುಡಿಸದಿದ್ದರೆ ಕೇಳೋಕೆ ಪಕ್ಕದ ಮನೆಯವರು ಬರ್ತಾರೆ.

ಜೆಟ್ಟಿಗೆ ಮೂರೂಮುಕ್ಕಾಲಿಗೇ ತಲುಪಿದೆ. ಸಿಗ್ನಲ್ ಎರಡು ಕಡ್ಡಿ ಇತ್ತು, ಅಮ್ಮನಿಗೆ ಫೋನ್ ಮಾಡಿದೆ. “ಅಮ್ಮ, ಬೆಳಿಗ್ಗೆ ನಿನ್ನ ಬಾಗಿಲು ತೆರೆಯದಿದ್ರೆ ಯಾರು ಬಂದು ನೋಡ್ತಾರೆ?” ಅಂದೆ. ಅಮ್ಮ ಯೋಚನೆಯೇ ಮಾಡಲಿಲ್ಲ: “ಹಾಲಿನವ, ಆಮೇಲೆ ಪಕ್ಕದ ಮನೆ ಆಯಿಷಾದ, ಆಮೇಲೆ ನಿನ್ನ ಚಿಕ್ಕಮ್ಮ. ಯಾಕೆ?” ಬೆಂಗಳೂರಿಗೆ ಬಂದರೆ ಯಾರು ನೋಡ್ತಾರೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಆಫೀಸಿಂದ ಬಂದ ಮೇಲೆ” ಅಂದರು.

ದೋಣಿ ಹತ್ತುವ ಮೊದಲು ಅಣ್ಣನಿಗೆ ವಾಟ್ಸ್ಆ್ಯಪ್ ಮಾಡಿದೆ: “ಮನೆ ಮಾರೋದು ಬೇಡ. ಈ ಬೇಸಿಗೆಯಲ್ಲಿ ಬಾವಿ ಹೂಳೆತ್ತಿಸೋಣ. ಖರ್ಚು ಅರ್ಧರ್ಧ.” ನೀಲಿ ಟಿಕ್ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಅವನ ಉತ್ತರ ಸಿಕ್ಕಿದ್ದು ಕೊಚ್ಚಿಯಲ್ಲಿ. ಒಪ್ಪಿಗೆಯೇನೂ ಅಲ್ಲ, “ಊರಿಗೆ ಬಾ, ಕೂತು ಮಾತಾಡೋಣ” ಅಂತ. ಅಷ್ಟು ಸಾಕು.

ನೀವು ಹೋಗೋದಾದ್ರೆ

ಪರ್ಮಿಟ್ ಮತ್ತು ಹಡಗಿನ ಟಿಕೆಟ್‌ಗೆ ತಿಂಗಳುಗಳ ಮೊದಲೇ ಪ್ರಯತ್ನಿಸಿ, ಮಳೆಗಾಲ ಬಿಟ್ಟು ಹೋಗಿ. ಒಬ್ಬರೇ ಹೋಗೋಕೆ ಭಯ ಇದ್ದರೆ ಪ್ಯಾಕೇಜ್ ಒಳ್ಳೆಯದು: ರಾತ್ರಿಗೆ ಹಡಗಿದೆ, ಹಗಲಿಗೆ ಗೈಡ್ ಇರ್ತಾನೆ. ಹಡಗು ಅಲೆಗೆ ತೂಗುವಾಗ ಹೊಟ್ಟೆ ತೊಳಸುತ್ತೆ, ಮಾತ್ರೆ ಇಟ್ಕೊಳ್ಳಿ. ಊರೊಳಗೆ ಮೈಮುಚ್ಚುವ ಬಟ್ಟೆ ಹಾಕಿ, ಕೇಳದೆ ಯಾರದ್ದೂ ಫೋಟೋ ತೆಗೀಬೇಡಿ. ಮದ್ಯ ನಿಷೇಧ ಇದೆ. ಹವಳದ ಒಂದು ಚೂರನ್ನೂ ಎತ್ಕೊಂಡು ಬರೋ ಹಾಗಿಲ್ಲ. ನೀರಿನ ಬಾಟಲಿ ಮನೆಯಿಂದ ಒಯ್ಯಿರಿ, ಖಾಲಿ ಪ್ಲಾಸ್ಟಿಕ್ ವಾಪಸ್ ತನ್ನಿ.

ಮೀನು ತಿನ್ನುವವರಾದರೆ ಒಂದು ಪೊಟ್ಟಣ ಮಾಸ್ ತರಲೇಬೇಕು. ಎರಡು ಕವರ್‌ನಲ್ಲಿ ಸುತ್ತಿ ಇಡಿ, ಇಲ್ಲಾಂದ್ರೆ ಬ್ಯಾಗೆಲ್ಲ ಅದರದೇ ವಾಸನೆ. ನಾನು ತಂದದ್ದನ್ನು ಅಮ್ಮ ಕುಟ್ಟಿ, ತೆಂಗಿನಕಾಯಿ, ಒಣಮೆಣಸು, ಹುಳಿ ಹಾಕಿ ಚಟ್ನಿ ಮಾಡಿದರು. ಗಂಜಿ ಜೊತೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.