ಮಳೆಯ ರಾತ್ರಿ, ಅಮ್ಮನ ಕೀರ್ತನೆ

ಠಾಣೆಯ ಸ್ಟೇಶನ್ನಿನಲ್ಲಿ ಪಶ್ಚಿಮಕ್ಕಿಳಿದು ಗೋಖಲೆ ರಸ್ತೆ ಹಿಡಿದರೆ ನಮ್ಮ ನೌಪಾಡಾ. ವಾಚಕರಲ್ಲಿ ಹಲವರು ಈ ದಾರಿಯನ್ನು ಬಲ್ಲರು. ಬೆಳಿಗ್ಗೆ ರೈಲಿಗೆ ಓಡುವವರ ಅವಸರ, ಸಂಜೆ ರಾಮಮಾರುತಿ ರಸ್ತೆಯ ಅಂಗಡಿಗಳ ಮುಂದಿನ ನೂಕುನುಗ್ಗಲು, ನಡುನಡುವೆ ಮರಾಠಿ ಮನೆಗಳಿಂದ ತೇಲಿಬರುವ ತಂಬೂರಿಯ ನಾದ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಸುಮಾರು ೩೪ ಕಿಲೋಮೀಟರು ಓಡಿ ಬಂದು ನಿಂತದ್ದು ಠಾಣೆಯಲ್ಲಿಯೇ. ಅಂದಿನಿಂದಲೇ ಈ ಊರಿನ ತಾಯಂದಿರಿಗೆ ಒಂದು ಕೆಲಸ ಗಂಟುಬಿದ್ದಿರಬೇಕು: ರೈಲಿನಲ್ಲಿ ಹೋದವರು ತಿರುಗಿ ಬರುವವರೆಗೆ ಬಾಗಿಲ ಕಡೆ ಕಣ್ಣಿಟ್ಟು ಕಾಯುವುದು.

ನಾವು ಸರಕಾರಿ ಕಚೇರಿಯೊಂದರ ಗುಮಾಸ್ತರು. ಭಾನುವಾರ ಸಂಜೆ ಅಮ್ಮನನ್ನು ತಲಾವ್ ಪಾಳಿಗೆ ಕರೆದೊಯ್ಯುವುದೇ ನಮ್ಮ ವಾರದ ದೊಡ್ಡ ಪ್ರವಾಸ. ಮಾಸುಂದಾ ಕೆರೆಯ ದಂಡೆಗೆ ಠಾಣೆಯವರಿಟ್ಟ ಹೆಸರು ಅದು. ಅಲ್ಲಿ ಕೋಪಿನೇಶ್ವರನ ಗುಡಿಯಿದೆ, ಗಡಕರಿ ರಂಗಾಯತನವಿದೆ, ರಸ್ತೆಯಾಚೆ ಪೋರ್ಚುಗೀಜರ ಕಾಲದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಸ್ಥಾಪಿಸಿದ ಸಂತ ಜಾನ್ ಬ್ಯಾಪ್ಟಿಸ್ಟರ ಇಗರ್ಜಿಯಿದೆ. ನಮ್ಮದು ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಮನೆತನ. ೧೮೩೪ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನು ೧೮೪೧ರಲ್ಲಿ ಅಚ್ಚುಕೂಟವನ್ನೂ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತಷ್ಟೆ. ನಮ್ಮ ಅಜ್ಜ ಹೆಂಚಿನವರು, ಅಪ್ಪ ಅಚ್ಚಿನ ಮೊಳೆ ಜೋಡಿಸುವವರು. ಇಗರ್ಜಿಯ ಪೂಜಾಕ್ರಮ ಅಮ್ಮನಿಗೆ ರೂಢಿಯಿಲ್ಲ. ಆದರೂ ಕೆರೆಯ ದಂಡೆಯಲ್ಲಿ ಇಗರ್ಜಿ ಕಾಣುವಂಥ ಕಟ್ಟೆಯೇ ಅವರಿಗೆ ಬೇಕು.

ಒಮ್ಮೆ ಅಲ್ಲಿ ಕುಳಿತಾಗ, ಶಾಲೆಯ ಗೆಳೆಯನೊಬ್ಬನಿಂದ ಕೇಳಿ ಆಮೇಲೆ ಪುಸ್ತಕದಲ್ಲಿಯೂ ಓದಿದ ಸಂಗತಿಯನ್ನು ಅಮ್ಮನಿಗೆ ಹೇಳಿದೆವು. ೧೩೨೧ರಲ್ಲಿ, ಪೋರ್ಚುಗೀಜರು ಬರುವುದಕ್ಕೆ ಸುಮಾರು ಇನ್ನೂರು ವರುಷ ಮೊದಲೇ, ಚೀನಾ ದೇಶಕ್ಕೆಂದು ಹೊರಟ ನಾಲ್ವರು ಫ್ರಾನ್ಸಿಸ್ಕನ್ನರು ಈ ಠಾಣೆಯಲ್ಲಿ ಇಳಿದರು. ಟೊಲೆಂಟಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ಟಿಫ್ಲಿಸಿನ ಡೆಮೆಟ್ರಿಯಸ್ ಎಂದು ಅವರ ಹೆಸರುಗಳು. ಧರ್ಮವಿಚಾರದ ವಾಗ್ವಾದವೊಂದು ಬೆಳೆದು, ಊರ ಅಧಿಕಾರಿಯ ಕೋಪಕ್ಕೆ ತುತ್ತಾಗಿ, ಏಪ್ರಿಲ್ ತಿಂಗಳಲ್ಲಿ ನಾಲ್ವರೂ ಹತರಾದರು. ಅವರ ಜೊತೆಗಾರ ಜೋರ್ಡಾನುಸ್ ದೇಹಗಳನ್ನು ಸೋಪಾರಾಕ್ಕೆ ಒಯ್ದು ಮಣ್ಣುಮಾಡಿದ. ಕೆಲವು ವರುಷಗಳ ತರುವಾಯ ಬಂದ ಓಡೊರಿಕ್ ಎಂಬ ಪ್ರವಾಸಿ ಆ ಅಸ್ಥಿಗಳನ್ನು ಚೀನಾಕ್ಕೆ ಕೊಂಡೊಯ್ದು, ಇವರ ಕಥೆಯನ್ನೂ ಹೇಳಿದ. ಜೇಮ್ಸನನ್ನು ಬೆಂಕಿಗೆ ದೂಡಿದಾಗ ಉರಿ ಅವನನ್ನು ಮುಟ್ಟಲಿಲ್ಲವೆಂದು ಆ ಕಥೆಯಲ್ಲಿದೆ. ಆದರೆ ಕೊನೆಗೆ ಕತ್ತಿ ಮುಟ್ಟಿತು.

"ಬೆಂಕಿಯಿಂದ ಕಾದ ದೇವರು ಕತ್ತಿಯಿಂದ ಯಾಕೆ ಕಾಯಲಿಲ್ಲ ಅಮ್ಮ?" ಎಂದು ಕೇಳಿದೆವು.

ಅಮ್ಮ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, "ಆ ಪ್ರಶ್ನೆಯನ್ನು ನಾನು ಆ ಮಳೆಯ ವರುಷವೇ ಕೇಳಿ ಮುಗಿಸಿದ್ದೇನೆ, ಮಗಾ" ಎಂದರು.

ಆ ಮಳೆಯೆಂದರೆ ೨೦೦೫ರ ಜುಲೈ ೨೬, ಮಂಗಳವಾರ. ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ತಾಸುಗಳಲ್ಲಿ ೯೪೪ ಮಿಲಿಮೀಟರು ಮಳೆ ಸುರಿಯಿತು. ಸಮುದ್ರದಲ್ಲಿ ಉಬ್ಬರ, ನೆಲದ ಮೇಲೆ ಹೂಳು ತುಂಬಿದ ಕಾಲುವೆಗಳು, ದಂಡೆಗಳು ಇಕ್ಕಟ್ಟಾಗಿದ್ದ ಮೀಠಿ ನದಿ. ಬಿದ್ದ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲೋಕಲ್ ರೈಲುಗಳು ನಿಂತವು. ಆ ಮಳೆ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಅಪ್ಪ ಆಗ ಕುರ್ಲಾದ ಮುದ್ರಣಾಲಯವೊಂದರಲ್ಲಿದ್ದರು. ಮನೆಯಲ್ಲಿ ಅಮ್ಮ, ಹದಿನಾರರ ನಾವು, ಹನ್ನೊಂದರ ತಂಗಿ. ಸಂಜೆಗೆ ದೀಪ ಹೋಯಿತು, ಫೋನು ಸತ್ತಿತು. ನೆಲಮಾಳಿಗೆಯ ಮನೆಗೆ ನೀರು ನುಗ್ಗತೊಡಗಿದಾಗ ಅಮ್ಮ ಸೀರೆ ಎತ್ತಿ ಕಟ್ಟಿಕೊಂಡು ಇಳಿದು, ಅಲ್ಲಿದ್ದ ಕಾಕೂ ಅವರನ್ನು ಕೈಹಿಡಿದು ಮೇಲಕ್ಕೆ ಕರೆತಂದರು. ಅವರ ಒಬ್ಬನೇ ಮಗ ಕಾಲೀನಾ ಕಡೆ ಕೆಲಸಕ್ಕೆ ಹೋಗಿದ್ದ. ಇಪ್ಪತ್ತೆರಡರ ಹುಡುಗ, ನಮಗೆ ಕ್ರಿಕೆಟ್ಟು ಕಲಿಸಿದವನು.

ಅಮ್ಮ ಮೇಣದ ಬತ್ತಿ ಹಚ್ಚಿ, ತವರಿನಿಂದ ತಂದ ಕನ್ನಡ ಬೈಬಲಿನಲ್ಲಿ ೯೧ನೆಯ ಕೀರ್ತನೆ ತೆಗೆದರು. ಆಪತ್ತಿನಲ್ಲಿ ದೇವರೇ ಆಶ್ರಯವೆಂದು ಹೇಳುವ ಆ ಕೀರ್ತನೆಯನ್ನು ನಮ್ಮ ಕಡೆಯ ಕ್ರೈಸ್ತರು ಹಡಗು ಹತ್ತುವಾಗ, ಹೆರಿಗೆಯ ಮನೆಯಲ್ಲಿ, ಸಿಡುಬಿನ ದಿನಗಳಲ್ಲಿ ಓದಿಕೊಂಡು ಬಂದವರು. ಎದುರಿಗೆ ಕುಳಿತ ಕಾಕೂ ಕಣ್ಣುಮುಚ್ಚಿ ರಾಮರಕ್ಷಾ ಹೇಳಿಕೊಳ್ಳುತ್ತಿದ್ದರು. ಬತ್ತಿ ಒಂದೇ, ಚಾಪೆ ಒಂದೇ. ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರ ದನಿ ಕೇಳುತ್ತಿತ್ತು. ಮೆಟ್ಟಲಲ್ಲಿ ಸಪ್ಪಳವಾದರೆ ಎರಡೂ ನಿಲ್ಲುತ್ತಿದ್ದವು. ಹೀಗೆಯೇ ಬೆಳಗಾಯಿತು.

ಬುಧವಾರ ಇಳಿಹೊತ್ತಿಗೆ ಅಪ್ಪ ಬಂದರು. ರಾತ್ರಿಯನ್ನು ಮುದ್ರಣಾಲಯದ ಮಾಳಿಗೆಯಲ್ಲಿ ಕಾಗದದ ರೀಮುಗಳ ಮೇಲೆ ಕಳೆದು, ನೀರು ತುಸು ಇಳಿದ ಮೇಲೆ ರೈಲುಹಳಿಗಳನ್ನೇ ಹಿಡಿದು ನಡೆದಿದ್ದರು. ಘಾಟಕೋಪರ, ವಿಕ್ರೋಲಿ, ಭಾಂಡುಪ, ಮುಲುಂಡ. ದಿನವೂ ಕಿಟಕಿಯಿಂದ ನೋಡುವ ಹೆಸರುಗಳನ್ನು ಅಂದು ಕಾಲಿನಿಂದ ಓದಿದೆನೆಂದರು. ದಾರಿಯುದ್ದಕ್ಕೂ ಗುರುತಿಲ್ಲದವರು ಚಹ ಕೊಟ್ಟಿದ್ದರು, ಬಿಸ್ಕತ್ತು ಕೊಟ್ಟಿದ್ದರು, ನೀರು ಹೆಚ್ಚಿದ್ದಲ್ಲಿ ಹಗ್ಗ ಹಿಡಿದು ನಿಂತಿದ್ದರು. ಅಮ್ಮ ಮೊಣಕಾಲೂರಿ ಒಂದೇ ನಿಮಿಷ ಪ್ರಾರ್ಥಿಸಿ ಎದ್ದು ನೀರು ಕಾಯಿಸಿದರು.

ಕಾಕೂ ಅವರ ಮಗ ಬರಲಿಲ್ಲ. ಮೂರನೆಯ ದಿನ ಸುದ್ದಿ ಬಂತು. ಅಮ್ಮ ಹೋಗಿ ಅವರ ಬಳಿ ಕುಳಿತಾಗ ಕಾಕೂ, "ನಿಮ್ಮ ಪ್ರಾರ್ಥನೆ ಮೇಲೆ ಕೇಳಿಸಿತು. ನನ್ನದು ಕೇಳಿಸಲಿಲ್ಲ" ಎಂದರು. ಅಮ್ಮ ಉತ್ತರ ಕೊಡಲಿಲ್ಲ. ಹದಿಮೂರು ದಿನವೂ ಆ ಮನೆಗೆ ಅನ್ನ ನಮ್ಮ ಮನೆಯಿಂದ ಹೋಯಿತು.

ಮುಂದಿನ ತಿಂಗಳ ಪ್ರಾರ್ಥನಾಕೂಟದಲ್ಲಿ ಹಿರಿಯರೊಬ್ಬರು, ಅಪ್ಪ ಪಾರಾಗಿ ಬಂದುದರ ಬಗ್ಗೆ ಸಾಕ್ಷಿ ಹೇಳಬೇಕೆಂದು ಅಮ್ಮನನ್ನು ಕೇಳಿಕೊಂಡರು. ಇಂಥ ಸಾಕ್ಷಿಗಳು ನಮ್ಮಲ್ಲಿ ವಾಡಿಕೆ. ಕೇಳಿದವರ ನಂಬಿಕೆ ಬಲಗೊಳ್ಳುತ್ತದೆ. ಅಮ್ಮ ಎದ್ದು ನಿಂತು, "ಇನ್ನೊಮ್ಮೆ ಹೇಳುತ್ತೇನೆ" ಎಂದು ಕುಳಿತುಬಿಟ್ಟರು. ಆ ಇನ್ನೊಮ್ಮೆ ಇಂದಿಗೂ ಬಂದಿಲ್ಲ. ಅಮ್ಮನ ನಂಬಿಕೆ ಕುಂದಿತೆಂದೇ ಆಗ ನಾವು ತಿಳಿದಿದ್ದೆವು.

ಅದರ ಕಾರಣ ನಮಗೆ ತಿಳಿದದ್ದು ತಲಾವ್ ಪಾಳಿಯ ಆ ಸಂಜೆ. "ನಿಮ್ಮ ಅಪ್ಪನನ್ನು ದೇವರು ಕೈಹಿಡಿದು ತಂದನೆಂದು ಸಭೆಯಲ್ಲಿ ಗಟ್ಟಿಯಾಗಿ ಹೇಳಿದರೆ, ಆ ಹುಡುಗನ ಕೈ ಬಿಟ್ಟನೆಂದು ಕೆಳಗಿನ ಮನೆಗೆ ಕೇಳಿಸುತ್ತದೆ. ಹಾಗೆ ಬಿಟ್ಟನೆಂದು ಹೇಳಲು ನಾನು ಯಾರು?" ಎಂದರು ಅಮ್ಮ.

"ಹಾಗಾದರೆ ಆ ಕೀರ್ತನೆ?"

"ಅದೇ ಕೀರ್ತನೆಯ ಮಾತನ್ನು ಸೈತಾನನೂ ಆಡಿದ್ದಾನೆ. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ನೋಡು. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಯೇಸುವಿಗೆ ಹೇಳಿದ. ಯೇಸು ಧುಮುಕಲಿಲ್ಲ; ದೇವರನ್ನು ಪರೀಕ್ಷೆ ಮಾಡಬಾರದೆಂದ. ಕರಾರುಪತ್ರ ಬರೆಸಿಕೊಳ್ಳುವುದೆಲ್ಲ ನಿನ್ನ ಕಚೇರಿಯಲ್ಲಿ, ಮಗಾ. ಆ ರಾತ್ರಿ ಕತ್ತಲಲ್ಲಿ ನನಗೊಬ್ಬ ಜೊತೆ ಬೇಕಾಗಿತ್ತು. ಜೊತೆಗಿದ್ದ. ಈ ನಾಲ್ವರು ಸಂನ್ಯಾಸಿಗಳಿಗೂ ಕೊನೆಯವರೆಗೆ ಇದ್ದಿರಬೇಕು."

ಬಿ.ಎ. ಓದಿದ ನಮಗೆ ಇದಕ್ಕೆ ಎದುರುತ್ತರ ಹೊಳೆಯಲಿಲ್ಲ. ಒಂದು ಲೆಕ್ಕ ಮಾತ್ರ ತಪ್ಪಿತ್ತೆಂದು ತಿಳಿಯಿತು. ಕಾಯುವುದೆಂದರೆ ಅಪಾಯ ಬಾರದಂತೆ ತಡೆಯುವುದೆಂದೇ ನಾವು ಎಣಿಸಿದ್ದೆವು. ಬಾಗಿಲ ಬಳಿ ಕುಳಿತು ಕಾಯುವುದಕ್ಕೂ ಕನ್ನಡದಲ್ಲಿ ಅದೇ ಮಾತಿದೆಯಲ್ಲ!

ಅಪ್ಪ ಈಗ ಇಲ್ಲ. ಕಾಕೂ ಇದ್ದಾರೆ, ಎಂಬತ್ತು ದಾಟಿದೆ. ಪ್ರತಿ ಜುಲೈ ೨೬ರ ಸಂಜೆ ಅಮ್ಮ ಬೈಬಲನ್ನು ಸೆರಗಿನಲ್ಲಿ ಹಿಡಿದುಕೊಂಡು ಕೆಳಗಿಳಿಯುತ್ತಾರೆ. ಕಾಕೂ ಚಾಪೆ ಹಾಸಿರುತ್ತಾರೆ. ಕಚೇರಿಯಿಂದ ತಡವಾಗಿ, ಕೊಡೆ ಕೊಡವುತ್ತ ನಾವು ಮೆಟ್ಟಲ ಬಳಿ ಬಂದಾಗ ಒಳಗಿನಿಂದ ಕನ್ನಡದ ಒಂದು ದನಿ, ಮರಾಠಿ ಮನೆಯ ಇನ್ನೊಂದು ದನಿ ಕೇಳಿಸುತ್ತವೆ. ನಮ್ಮ ಹೆಜ್ಜೆಯ ಸಪ್ಪಳಕ್ಕೆ ಎರಡೂ ಒಮ್ಮೆ ನಿಲ್ಲುತ್ತವೆ. "ಬಂದೆಯಾ?" ಎಂದು ಮೊದಲು ಕೇಳುವವರು ಕಾಕೂ.